ಕೊರತೆ ಯಾರ ಪಾಲಿಗೆ

ಅರ್ಥಶಾಸ್ತ್ರದ ಮೊದಲ ಪಾಠ ಎಲ್ಲ ಪಿಯು ಕಾಲೇಜುಗಳಲ್ಲೂ ಒಂದೇ. ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ. ಅವನ್ನು ಈಡೇರಿಸುವ ಸಾಧನಗಳು ಮಿತವಾಗಿವೆ. ಒಂದೊಂದು ಸಾಧನವನ್ನೂ ಹತ್ತಾರು ಕೆಲಸಕ್ಕೆ ಬಳಸಬಹುದು. ಆದ್ದರಿಂದ ಆಯ್ಕೆ ಮಾಡಲೇಬೇಕು. 1932ರಲ್ಲಿ ಲಂಡನ್ನಿನ ಲಯನೆಲ್ ರಾಬಿನ್ಸ್ ಕೊಟ್ಟ ವ್ಯಾಖ್ಯೆಯಲ್ಲಿ ಗುರಿಗಳು, ವಿರಳ ಸಾಧನಗಳು, ಅವುಗಳ ಪರ್ಯಾಯ ಬಳಕೆಗಳು ಇದ್ದವು. ಬಯಕೆಗೆ ಕೊನೆಯೇ ಇಲ್ಲ ಎಂಬ ಮಾತನ್ನು ಪಠ್ಯಪುಸ್ತಕಗಳು ಅದರ ತಲೆಗೆ ಕಟ್ಟಿ, ಮನುಷ್ಯ ಸ್ವಭಾವದ ನಿಯಮವೆಂಬಂತೆ ಮಕ್ಕಳ ಮುಂದೆ ಇಟ್ಟವು. ಹುಡುಗರು ಬಾಯಿಪಾಠ ಮಾಡುತ್ತಾರೆ, ಎರಡು ಅಂಕ ಗಳಿಸುತ್ತಾರೆ, ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ.

ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿಯಂಥ ಊರಿನಿಂದ ಬಂದ ಹುಡುಗಿಗೆ ಈ ಪಾಠದ ಅರ್ಧವನ್ನು ಯಾರೂ ಕಲಿಸಬೇಕಾಗಿಲ್ಲ. ಸಾಧನ ಕಡಿಮೆ, ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಎಂಬುದು ಅವಳ ಮನೆಯಲ್ಲಿ ದಿನಾ ನಡೆಯುವ ಲೆಕ್ಕ. ಉಳಿದರ್ಧವನ್ನು, ಅಂದರೆ ಬಯಕೆಗೆ ಮಿತಿಯಿಲ್ಲ, ಕೊರತೆ ಪ್ರಕೃತಿ ಕೊಟ್ಟದ್ದು, ಅದಕ್ಕೆ ಯಾರೂ ಹೊಣೆಯಲ್ಲ ಎಂಬ ಭಾಗವನ್ನು ಅವಳು ಒಪ್ಪಬಾರದು. ಈ ಸೀಮೆಯ ನೂರೈವತ್ತು ವರ್ಷದ ಅನುಭವ ಅದನ್ನು ಒಪ್ಪುವುದಿಲ್ಲ ಎಂಬುದೇ ನನ್ನ ವಾದ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಮುಶಿಗೇರಿ ಹಿಂದೆ ರೋಣ ತಾಲ್ಲೂಕಿನಲ್ಲಿತ್ತು, ಈಗ ಗಜೇಂದ್ರಗಡಕ್ಕೆ ಸೇರಿದೆ. ಗದಗ ಜಿಲ್ಲೆಯೇ 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಸೀಮೆಯ ಬಹುಪಾಲು ಎರಿ ಭೂಮಿ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ಹೇಳಿದ ಹೊತ್ತಿಗೆ ಬರುವಂಥದ್ದಲ್ಲ. ಉತ್ತರಿ, ಹಸ್ತಿ, ಚಿತ್ತಿ ಮಳೆಗಳು ಬಿದ್ದರೆ ಹಿಂಗಾರಿ ಉಂಟು, ಇಲ್ಲದಿದ್ದರೆ ಇಲ್ಲ. ಮಳೆ ನಿಂತ ಮೇಲೆ ಹಿಂಗಾರಿ ಪೈರು ಬೆಳೆಯುವುದು ಮಣ್ಣೊಳಗೆ ಉಳಿದ ಹಸಿಯ ಮೇಲೆ. ಬಿತ್ತುವ ಮುಂಚೆ ರೈತ ಹೊಲದಲ್ಲಿ ಕುಂತು, ಮೇಲಿನ ಒಣಮಣ್ಣನ್ನು ಬೆರಳಿಂದ ಸರಿಸಿ, ಕೆಳಗಿನ ಹೆಂಟೆಯನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾನೆ. ಉಂಡೆ ಕಟ್ಟಿದರೆ ಕೂರಿಗಿ ಹೂಡಬಹುದು. ಅವನ ಆ ವರ್ಷದ ಬಂಡವಾಳದ ಬಹುಭಾಗ ಆ ಮುಷ್ಟಿಯಲ್ಲಿರುತ್ತದೆ.

ಆ ಹಸಿಯನ್ನು ಯಾವುದಕ್ಕೆ ಕೊಡಬೇಕು? ಬಿಳಿಜೋಳ ಬಿತ್ತಿದರೆ ಮನೆಗೆ ರೊಟ್ಟಿ, ಎತ್ತಿಗೆ ಕಣಕಿ. ಕಡಲೆ ಬಿತ್ತಿದರೆ ಕೈಗೆ ರೊಕ್ಕ, ಆದರೆ ಬಣವಿ ಖಾಲಿ. 2025-26ರ ಹಿಂಗಾರು ಮಾರಾಟಕ್ಕೆ ಕೇಂದ್ರ ಸರ್ಕಾರ ಕಡಲೆಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ. ಆ ಅಂಕಿಯನ್ನು ನೋಡಿ ಕಡಲೆಗೆ ಹೋದವನು ಬೇಸಿಗೆಯಲ್ಲಿ ಮೇವು ಕೊಳ್ಳಬೇಕಾಗುತ್ತದೆ. ಮೇವು ಕೊಳ್ಳಲಾಗದಿದ್ದರೆ ಎತ್ತು ಮಾರುತ್ತಾನೆ. ಎತ್ತು ಹೋದ ಮೇಲೆ ಬಾಡಿಗೆ ಟ್ರ್ಯಾಕ್ಟರ್‌ಗಾಗಿ ಕಾಯುತ್ತಾನೆ. ಕಾಯುವಷ್ಟರಲ್ಲಿ ಹಸಿ ಆರುತ್ತದೆ. ಪಠ್ಯಪುಸ್ತಕದಲ್ಲಿ ಅವಕಾಶ ವೆಚ್ಚ ಎಂಬ ಒಂದು ಪ್ಯಾರಾ ಇರುತ್ತದಲ್ಲ, ಅದು ಇಲ್ಲಿ ವರ್ಷಗಟ್ಟಲೆ ಉದ್ದದ ಸರಪಳಿ. ಹಳೆಯ ರೈತರು ಇದಕ್ಕೆ ಕಂಡುಕೊಂಡಿದ್ದ ದಾರಿ ಅಕ್ಕಡಿ ಸಾಲು. ಜೋಳದ ನಡುವೆ ಕಡಲೆ, ಕುಸುಬಿ ಹಾಕಿ, ಒಂದು ಕೈಕೊಟ್ಟರೆ ಇನ್ನೊಂದು ಉಳಿಯುವಂತೆ ಹಸಿಯನ್ನು ಹಂಚುತ್ತಿದ್ದರು. ರಾಬಿನ್ಸ್ ಹೇಳಿದ ಆಯ್ಕೆಯನ್ನು ಅವರು ಬಲ್ಲವರಾಗಿದ್ದರು.

ಈಗ ಉಸುಕಿನ ಮಾತು. ಕೊರತೆಯ ಪಾಠವನ್ನು ಇಡಿಯಾಗಿ ಕಲಿಸಬಲ್ಲ ವಸ್ತು ಈ ಸೀಮೆಯಲ್ಲಿ ಯಾವುದಾದರೂ ಇದ್ದರೆ ಅದು ಹಳ್ಳದ ಉಸುಕು.

ಎರಿ ಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಬಿರುಕಿನೊಳಗೆ ಇಳಿದದ್ದೇ ಲಾಭ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡರೆ ಮುಂದಿನ ಮಳೆ ಮೇಲಿಂದ ಮೇಲೆ ಹರಿದು, ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ರೋಣ, ಗಜೇಂದ್ರಗಡ, ಯಲಬುರ್ಗಾ, ಕುಷ್ಟಗಿ ಕಡೆಯ ರೈತರು ಇದಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಮಾಡಿದರು. ಹಳ್ಳದ ಉಸುಕನ್ನು ತಂದು ಹೊಲದ ಮೇಲೆ ಮೂರು ನಾಲ್ಕು ಇಂಚು ದಪ್ಪ ಹರಡಿದರು. ಮಳೆಯ ಹನಿ ಉಸುಕಿನ ಮೇಲೆ ಬಿದ್ದು, ನಿಧಾನಕ್ಕೆ ಕೆಳಗಿಳಿದು, ಎರಿಯಲ್ಲಿ ಕೂಡುತ್ತದೆ. ಬಿಸಿಲು ಎಷ್ಟೇ ಬಿದ್ದರೂ ಮೇಲಿನ ಉಸುಕು ಕಾಯುತ್ತದೆಯೇ ಹೊರತು ಕೆಳಗಿನ ಹಸಿ ಬೇಗ ಆರುವುದಿಲ್ಲ. ಕೂರಿಗಿಯ ತಾಳು ಉಸುಕನ್ನು ಸೀಳಿ ಬೀಜವನ್ನು ಮಣ್ಣಿಗೆ ಮುಟ್ಟಿಸುತ್ತದೆ. ಮುಂಗಾರಿಗೆ ಎರಿ ಹೊಲವನ್ನು ಬೀಡು ಬಿಡುತ್ತಿದ್ದವರು, ಉಸುಕು ಹಾಕಿದ ಮೇಲೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಅಥವಾ ಕಡಲೆ ಎಂದು ಎರಡು ಬೆಳೆ ತೆಗೆಯುವಂತಾದರು. ಒಮ್ಮೆ ಹಾಕಿದ ಉಸುಕನ್ನು ಜೋಪಾನ ಮಾಡಿದರೆ ಅದು ಮಕ್ಕಳ ಕಾಲಕ್ಕೂ ಬರುತ್ತದೆ. ಅಣೆಕಟ್ಟು, ಕಾಲುವೆ, ಕರೆಂಟು ಯಾವುದೂ ಇಲ್ಲದೆ ಬಿದ್ದ ಮಳೆಯನ್ನೇ ಹೆಚ್ಚಿಸಿಕೊಂಡ ವಿದ್ಯೆ ಇದು. ವಿಶ್ವವಿದ್ಯಾಲಯಗಳು ಆಮೇಲೆ ಬಂದು ಅಳೆದವು, ಮಾಡಿದವರು ರೈತರು.

ಆದರೆ ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ ನಾಲ್ಕು ಇಂಚು ದಪ್ಪ ಉಸುಕು ಎಂದರೆ ಸುಮಾರು 410 ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರೇಲರ್‌ಗೆ ಮೂರು ಘನ ಮೀಟರ್ ಎಂದು ಹಿಡಿದರೆ 135ಕ್ಕೂ ಹೆಚ್ಚು ಟ್ರಿಪ್ಪು. ಚಕ್ಕಡಿಯಲ್ಲಿ ಹೇರುತ್ತಿದ್ದ ಕಾಲದಲ್ಲಿ ಬೇಸಿಗೆಯ ಬಿಡುವಿನಲ್ಲಿ ಮನೆಮಂದಿ ವರ್ಷಕ್ಕೆ ಇಷ್ಟಿಷ್ಟೇ ಹೊಲಕ್ಕೆ ಹಾಕುತ್ತ ಹೋಗುತ್ತಿದ್ದರು. ಖರ್ಚು ಎಂದರೆ ತಮ್ಮ ಮೈಬೆವರು, ಎತ್ತಿನ ದುಡಿಮೆ. ಈಗ ಅದೇ ಉಸುಕಿಗೆ ಊರೂರಲ್ಲಿ ಏಳುವ ಆರ್‌ಸಿಸಿ ಮನೆ, ಪಟ್ಟಣದ ವಾಣಿಜ್ಯ ಮಳಿಗೆ, ಕಾಂಕ್ರೀಟ್ ರಸ್ತೆ ಕಾಯುತ್ತಿವೆ. ಮೂರನೆಯ ಹಕ್ಕುದಾರನೊಬ್ಬನೂ ಇದ್ದಾನೆ, ಅವನಿಗೆ ಬಾಯಿಲ್ಲ: ಸ್ವತಃ ಹಳ್ಳ. ಉಸುಕು ಹಳ್ಳದಲ್ಲೇ ಇದ್ದರೆ ಮಳೆನೀರನ್ನು ಹಿಡಿದಿಟ್ಟು ಸುತ್ತಲಿನ ಬಾವಿಗಳಿಗೆ ಊಡುತ್ತದೆ. ತಳ ಕಾಣುವಂತೆ ಬಗೆದರೆ ಬಾವಿ ಬತ್ತುತ್ತದೆ.

ಒಂದೇ ಉಸುಕು, ಮೂರು ಬಳಕೆ. ರಾಬಿನ್ಸ್ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಲಾರರು. ಆದರೆ ಅವರ ಶಾಸ್ತ್ರ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಗುರಿಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ಹೇಳುವುದು ಅರ್ಥಶಾಸ್ತ್ರದ ಕೆಲಸವಲ್ಲ ಎಂದು ಅವರು ಖಡಾಖಂಡಿತವಾಗಿ ವಾದಿಸಿದವರು. ಹಾಗಾದರೆ ಉಸುಕು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಯಾರು? ಬೆಲೆ. ಗುತ್ತಿಗೆದಾರನ ಹತ್ತು ರೂಪಾಯಿ ರೈತನ ಎರಡು ರೂಪಾಯಿಯನ್ನು ಸೋಲಿಸುತ್ತದೆ. ಹಳ್ಳದ ಕೈಯಲ್ಲಿ ರೂಪಾಯಿಯೇ ಇಲ್ಲ. ಹೀಗೆ ಉಸುಕು ಪಟ್ಟಣಕ್ಕೆ ಹೋದಾಗ, ಸಮಾಜಕ್ಕೆ ಎಲ್ಲಿ ಹೆಚ್ಚು ಬೇಕಾಗಿತ್ತೋ ಅಲ್ಲಿಗೆ ಹೋಯಿತು ಎಂದು ಪುಸ್ತಕ ಹೇಳುತ್ತದೆ. ನಡೆದದ್ದೇನೆಂದರೆ, ಎಲ್ಲಿ ಹೆಚ್ಚು ಕೊಡಬಲ್ಲವರಿದ್ದರೋ ಅಲ್ಲಿಗೆ ಹೋಯಿತು. ಬೇಕಾಗುವುದು ಬೇರೆ, ಕೊಡಬಲ್ಲೆನೆಂಬುದು ಬೇರೆ. ಇವೆರಡನ್ನೂ ಒಂದೇ ಎಂದು ಎಣಿಸಿದ್ದು ಆ ಮೊದಲ ಪಾಠದ ದೊಡ್ಡ ದೋಷ.

ಈ ದೋಷಕ್ಕೆ ಜೀವ ತೆತ್ತವರ ಕಥೆ ಇದೇ ಜಿಲ್ಲೆಯ ಇತಿಹಾಸದಲ್ಲಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಆಗಿನ ಮುಂಬಯಿ ಪ್ರಾಂತ್ಯದ ಧಾರವಾಡ, ಕಲಾದಗಿ ಜಿಲ್ಲೆಗಳು ನಲುಗಿಹೋದವು. ಮಳೆ ಹೋದದ್ದು ನಿಜ, ಬೆಳೆ ಹೋದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಹಿಂದುಸ್ತಾನದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹತ್ತುತ್ತಲೇ ಇತ್ತು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದೆಂಬುದು ವೈಸರಾಯ್ ಲಿಟನ್ನನ ಧೋರಣೆ. ಬರ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಕೂಲಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆಯಷ್ಟು ಕೂಲಿ ಸಾಕೆಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಹಾರೆ ಹಿಡಿದು ದುಡಿಯುವ ಗಂಡಾಳಿಗೆ ಅದು ಸಾಲದೆಂದು ಮುಂಬಯಿ ಪ್ರಾಂತ್ಯದ ಕೂಲಿಗಳು ಕಾಮಗಾರಿ ಬಿಟ್ಟು ಹೊರನಡೆದರು. ಹಸಿದವರು ಹೂಡಿದ ಮುಷ್ಕರ ಅದು.

ಕ್ಷಾಮದ ನಂತರ ಕಂಡುಕೊಂಡ ಪರಿಹಾರ ರೈಲು. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಹೊಳೆಆಲೂರು ಹಾದು ಗದಗಕ್ಕೆ ಬರುವ ಮಾರ್ಗ 1884ರಲ್ಲಿ ಮುಗಿದದ್ದು ಬರದ ಸೀಮೆಗೆ ಧಾನ್ಯ ಮುಟ್ಟಿಸಲೆಂದು. ರೈಲು ಧಾನ್ಯವನ್ನು ತರುತ್ತದೆ, ಒಯ್ಯುತ್ತದೆ. ಯಾವ ದಿಕ್ಕಿಗೆ ಎಂಬುದನ್ನು ಹಳಿ ತೀರ್ಮಾನಿಸುವುದಿಲ್ಲ, ಕೊಳ್ಳುವವನ ಕಿಸೆ ತೀರ್ಮಾನಿಸುತ್ತದೆ. ಅಮರ್ತ್ಯ ಸೇನ್ 1981ರಲ್ಲಿ ಬರೆದ ಬಡತನ ಮತ್ತು ಕ್ಷಾಮಗಳ ಕುರಿತ ಗ್ರಂಥದಲ್ಲಿ 1943ರ ಬಂಗಾಳವನ್ನು ಮುಂದಿಟ್ಟುಕೊಂಡು ಇದನ್ನೇ ವಿವರಿಸಿದರು: ಜನ ಸಾಯುವುದು ಊರಲ್ಲಿ ಅನ್ನ ಇಲ್ಲದ್ದಕ್ಕಿಂತ ಹೆಚ್ಚಾಗಿ, ಇರುವ ಅನ್ನದ ಮೇಲೆ ತಮಗೆ ಹಕ್ಕು ಇಲ್ಲದ್ದರಿಂದ. ಕೊರತೆ ಎಂಬುದು ದಾಸ್ತಾನಿನ ಅಂಕಿ ಎಂದು ತಿಳಿದವರು ಸೇನರನ್ನು ಓದಬೇಕು. ನಮ್ಮ ಪಿಯು ಪಠ್ಯದ ಮೊದಲ ಅಧ್ಯಾಯದಲ್ಲಿ ಅವರಿಗೆ ಜಾಗವಿಲ್ಲದಿರುವುದು ನನಗೆ ನೋವಿನ ಸಂಗತಿ.

ಮಲಪ್ರಭೆಯ ವಿಷಯಕ್ಕೆ ಬಂದರೆ ಇದು ಇನ್ನೂ ನಿಚ್ಚಳ. ಸವದತ್ತಿ ಬಳಿ ನವಿಲುತೀರ್ಥದ ಅಣೆಕಟ್ಟು 1970ರ ದಶಕದಲ್ಲಿ ನೀರು ನಿಲ್ಲಿಸಿತು. ಸಾಮರ್ಥ್ಯ 37.73 ಟಿಎಂಸಿ. ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ಒಣ ಹೊಲಗಳಿಗೆ ಹಗುರ ನೀರಾವರಿ ಕೊಡುವುದು, ಹತ್ತಿ, ಜೋಳ, ಕಡಲೆ ಬೆಳೆಗೆ ಒಂದೆರಡು ಹದ ನೀರು ಹಾಯಿಸುವುದು ಮೂಲ ಯೋಚನೆ. ಆದದ್ದೇ ಬೇರೆ. ಜಲಾಶಯ ತುಂಬಿದ ವರ್ಷಗಳೇ ಕಡಿಮೆ. ಬಂದ ನೀರೂ ಮೇಲ್ಭಾಗದ ಕಬ್ಬು, ಗೋವಿನಜೋಳಕ್ಕೆ ಹರಿದು ಕಾಲುವೆಯ ಕೊನೆಯಂಚಿಗೆ ಹೂಳಷ್ಟೇ ಮುಟ್ಟಿತು. ಹೀಗಿದ್ದೂ ಸರ್ಕಾರ ಅಭಿವೃದ್ಧಿ ಕರ ಕೇಳಿತು, ನೀರಿನ ಕರದ ಬಾಕಿ ವಸೂಲಿಗೆ ನಿಂತಿತು. ನೀರು ಬಾರದ ಹೊಲಕ್ಕೆ ನೀರಾವರಿ ಹೊಲದ ತೆರಿಗೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದುನಿಂತಾಗ ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಆ ಬೆಂಕಿಯಿಂದಲೇ ರಾಜ್ಯ ರೈತ ಸಂಘ ರೂಪುಗೊಂಡಿತು. ಅಂದು ಬೀದಿಗೆ ಬಂದವರು ಮಿತಿಯಿಲ್ಲದ್ದೇನನ್ನೂ ಕೇಳಲಿಲ್ಲ. ಕೊಟ್ಟ ನೀರಿಗಷ್ಟೇ ಕರ ಕೇಳಿ ಎಂದರು.

ಇದೇ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ನರಗುಂದ, ರೋಣ ತಾಲ್ಲೂಕುಗಳ ಹೊಳೆಸಾಲಿನ ಊರುಗಳನ್ನು ಮುಳುಗಿಸಿತು. ಕೊಣ್ಣೂರು, ಲಖಮಾಪುರ, ಹೊಳೆಆಲೂರಿನ ಜನ ಮನೆಬಿಟ್ಟು ಎತ್ತರದ ಜಾಗ ಹುಡುಕಿದರು. ನಾಲ್ಕು ವರ್ಷದ ನಂತರ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಅದೇ ನದಿ, ಅದೇ ನೆಲ. ಒಟ್ಟು ನೀರು ಎಷ್ಟು ಎಂಬ ಒಂದು ಅಂಕಿಯಿಂದ ಇಲ್ಲಿನ ಕೊರತೆಯನ್ನು ಅರ್ಥ ಮಾಡಿಕೊಳ್ಳಲಾಗುವುದಿಲ್ಲ. ಯಾವ ತಿಂಗಳು, ಯಾರ ಹೊಲ, ಕಾಲುವೆಯ ಯಾವ ತುದಿ ಎಂದು ಕೇಳಬೇಕು. ಮಲಪ್ರಭೆಗೆ ಹೊರಗಿನ ನೀರು ತರುವ ಮಾತಿಗೂ ಇದೇ ಪ್ರಶ್ನೆ. ಮಹದಾಯಿ ನದಿಯ ನೀರು ಹಂಚಿದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು 3.9 ಟಿಎಂಸಿ, ರಾಜ್ಯ ಕೇಳಿದ್ದು 7.56. ಆ ತೀರ್ಪಿಗೆ ಮೂರು ವರ್ಷ ಮುಂಚೆ ನರಗುಂದದಲ್ಲಿ ಧರಣಿ ಕೂತ ರೈತರ ಹೋರಾಟವನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಮಾತನ್ನು ಹೇಳಲೇಬೇಕು. 37 ಟಿಎಂಸಿಯನ್ನು ಕೊನೆಯಂಚಿನ ರೈತನಿಗೆ ಮುಟ್ಟಿಸಲಾಗದ ವ್ಯವಸ್ಥೆ, ಇನ್ನೊಂದು ನಾಲ್ಕು ಟಿಎಂಸಿ ಬಂದೊಡನೆ ಮುಟ್ಟಿಸುತ್ತದೆಂದು ನಂಬುವುದು ಕಷ್ಟ. ಹೊಸ ನೀರಿನ ಜೊತೆಗೇ ಹಂಚಿಕೆಯ ಪ್ರಶ್ನೆಯನ್ನೂ ಎತ್ತದಿದ್ದರೆ ಆ ನೀರೂ ಕಬ್ಬಿಗೇ ಹೋಗುತ್ತದೆ.

ಇಲ್ಲಿ ಬೆಲೆಯ ಪರ ವಾದಿಸುವವರ ಮಾತನ್ನೂ ಕೇಳಬೇಕು. ನೀರು ಅಗ್ಗವಾಗಿ ಸಿಕ್ಕದ್ದರಿಂದಲೇ ಕಬ್ಬಿಗೆ ಹೋಯಿತು, ಸರಿಯಾದ ಬೆಲೆ ಕಟ್ಟಿದ್ದರೆ ಪೋಲಾಗುತ್ತಿರಲಿಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಬೆಲೆ ಇಲ್ಲದ ವಸ್ತುವನ್ನು ಮನುಷ್ಯ ಕೈಬಿಟ್ಟು ಬಳಸುತ್ತಾನೆ; ಕಡಲೆಗೆ ಬೆಂಬಲ ಬೆಲೆ ಏರಿದರೆ ಬಿತ್ತನೆ ಏರುತ್ತದೆ; ದೂರದ ಊರಿನ ಕೊರತೆಯ ಸುದ್ದಿಯನ್ನು ಬೆಲೆಯಷ್ಟು ಬೇಗ ಇನ್ನಾವುದೂ ತರುವುದಿಲ್ಲ. ಬೆಲೆಯನ್ನು ಬೇಡವೆನ್ನುವುದು ನನ್ನ ವಾದವಲ್ಲ. ಕುಡಿಯುವ ನೀರು, ದನದ ನೀರು, ಬಡವನ ಹೊಲದ ಒಂದು ಹದ ನೀರು, ಇವಿಷ್ಟನ್ನು ಬೆಲೆಯ ಹರಾಜಿನಿಂದ ಹೊರಗಿಟ್ಟು, ಉಳಿದದ್ದಕ್ಕೆ ಬೆಲೆ ಕಟ್ಟಿ ಎಂಬುದು ವಾದ. 1987ರ ರಾಷ್ಟ್ರೀಯ ಜಲನೀತಿಯೂ ಕುಡಿಯುವ ನೀರನ್ನು ಮೊದಲ ಸ್ಥಾನದಲ್ಲಿ ಇಟ್ಟಿತು. ಗುರಿಗಳನ್ನು ಮೇಲು ಕೀಳೆಂದು ಸಾಲುಹಚ್ಚುವುದು ಅರ್ಥಶಾಸ್ತ್ರಕ್ಕೆ ಸಾಧ್ಯವಿಲ್ಲವಾದರೆ ಪ್ರಜಾಪ್ರಭುತ್ವ ಆ ಕೆಲಸ ಮಾಡಲೇಬೇಕು.

ಇನ್ನು ಮಿತಿಯಿಲ್ಲದ ಬಯಕೆ. ಈ ಸೀಮೆಯ ಮನೆಗಳಲ್ಲಿ, ಅಂಗಳಗಳಲ್ಲಿ ಹಗೇವು ಇರುತ್ತಿತ್ತು. ನೆಲವನ್ನು ಕೊಡದ ಆಕಾರದಲ್ಲಿ ಆಳಕ್ಕೆ ತೋಡಿ, ಒಳಗೋಡೆಗೆ ಹುಲ್ಲು, ಹೊಟ್ಟು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಾರಣ ಹುಳು ಹಿಡಿಯದೆ ಜೋಳ ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಸಿ ನೋಡಿ ಆಮೇಲೆ ಇಳಿಯಬೇಕಿತ್ತು. ರಾಶಿಯಾದ ಮೇಲೆ ಕಣದಲ್ಲೇ ಆಯಗಾರರ ಪಾಲು, ಬೀಜದ ಪಾಲು ತೆಗೆದು, ಮನೆಗೆ ಇಷ್ಟು, ಬರಗಾಲಕ್ಕೆ ಇಷ್ಟು ಎಂದು ಹಗೇವಿಗೆ ಹಾಕುತ್ತಿದ್ದರು. ಅಂದರೆ ಒಂದು ಕುಟುಂಬಕ್ಕೆ ಎಷ್ಟು ಬೇಕೆಂಬ ಲೆಕ್ಕ ಇತ್ತು, ಆ ಲೆಕ್ಕಕ್ಕೆ ಒಂದು ಕೊನೆ ಇತ್ತು. ಕೆಲವು ವರ್ಷಗಳಿಂದ ನರಗುಂದ ಪಟ್ಟಣದಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿದು ಗುಂಡಿ ಬೀಳುತ್ತಿದ್ದುದಕ್ಕೆ, ಮರೆತುಹೋದ ಹಗೇವುಗಳೂ ಅವುಗಳ ಸುತ್ತ ಏರಿದ ಅಂತರ್ಜಲವೂ ಕಾರಣವೆಂದು ಹೇಳಲಾಯಿತು. ಬರಕ್ಕೆಂದು ತೋಡಿದ ಗುಂಡಿಗಳನ್ನು ನೀರಿನ ಹೆಚ್ಚಳ ಕುಸಿಯುವಂತೆ ಮಾಡಿದ ಊರದು. ಹದಿನೈದು ಇಪ್ಪತ್ತು ಮೈಲಿ ಆಚೆ ಕಾಲುವೆಯ ಕೊನೆಗೆ ನೀರಿಲ್ಲ.

ಹಗೇವಿನ ಕಾಲವನ್ನು ಹೊಗಳಿ, ಹಿಂದಿನವರು ಅಲ್ಪತೃಪ್ತರು, ಇಂದಿನವರು ಆಸೆಬುರುಕರು ಎಂದು ತೀರ್ಪು ಕೊಡುವುದು ಸುಲಭ. ನಾನು ಕೊಡಲಾರೆ. ಹಗೇವು ಇದ್ದದ್ದು ಹೊಲ ಇದ್ದವರ ಮನೆಯಲ್ಲಿ. ಕಣದ ಅಂಚಿನಲ್ಲಿ ನಿಂತು ಮೊರದಲ್ಲಿ ಕಾಳು ಪಡೆದ ಕೇರಿಯವರ ಬಯಕೆಗೂ ಮಿತಿ ಇತ್ತು, ಆದರೆ ಆ ಮಿತಿಯನ್ನು ಅವರು ಹಾಕಿಕೊಂಡದ್ದಲ್ಲ, ಅವರ ಮೇಲೆ ಹೇರಿದ್ದು. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದ ಸೊಸೆಯ ಹಸಿವನ್ನು ಹಗೇವಿನ ಲೆಕ್ಕದಲ್ಲಿ ಯಾರೂ ಹಿಡಿಯಲಿಲ್ಲ. ಆಸೆ ಕಡಿಮೆ ಮಾಡಿಕೊಳ್ಳಿ ಎಂಬ ಉಪದೇಶ ಯಾವತ್ತೂ ಇಲ್ಲದವರ ಕಿವಿಗೇ ಮೊದಲು ಬೀಳುತ್ತದೆ. ಗಜೇಂದ್ರಗಡ ಸುತ್ತಿನ ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಗುಳೆ ಹೋಗುವ ಕುಟುಂಬದವರನ್ನು ಏನು ಬೇಕೆಂದು ಕೇಳಿ ನೋಡಿ. ಸೋರದ ಮನೆ, ಹತ್ತಿರದ ದವಾಖಾನೆ, ಮಕ್ಕಳು ಶಾಲೆ ಬಿಡದಂತೆ ಊರಲ್ಲೇ ಕೆಲಸ, ಸಾಲ ತೀರಿಸುವಷ್ಟು ಕೂಲಿ. ಕೈಬೆರಳಲ್ಲಿ ಎಣಿಸಬಹುದಾದ ಪಟ್ಟಿ. ಅದು ಮುಗಿಯುತ್ತದೆ. ಬಯಕೆಗೆ ಕೊನೆಯಿಲ್ಲ ಎಂಬ ಪಾಠ ಈ ಪಟ್ಟಿಯನ್ನೂ, ನಾಲ್ಕನೆಯ ಕಾರು ಕೊಳ್ಳುವವನ ಪಟ್ಟಿಯನ್ನೂ ಒಂದೇ ಚೀಲಕ್ಕೆ ಹಾಕಿ, ಎಲ್ಲರದೂ ಅಷ್ಟೇ ಎನ್ನುತ್ತದೆ. ಬಡವರ ಪಾಲಿಗೆ ಇದಕ್ಕಿಂತ ಕ್ರೂರವಾದ ಸಮಾನತೆ ಇಲ್ಲ.

ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ, ಜಗತ್ತು ಆರ್ಥಿಕ ಕುಸಿತದಲ್ಲಿದ್ದಾಗ, ಮೊಮ್ಮಕ್ಕಳ ಕಾಲದ ಬಗ್ಗೆ ಒಂದು ಪ್ರಬಂಧ ಬರೆದರು. ಬೇರೆಯವರು ಹೇಗೇ ಇರಲಿ ನಮಗೆ ಬೇಕೇ ಬೇಕಾದವು ಒಂದು ಬಗೆ, ಬೇರೆಯವರಿಗಿಂತ ಮೇಲೆಂದು ಅನ್ನಿಸಿಕೊಳ್ಳಲು ಬೇಕಾದವು ಇನ್ನೊಂದು ಬಗೆ ಎಂದು ಅವರು ವಿಂಗಡಿಸಿದರು. ಕೊನೆಯಿಲ್ಲದ್ದು ಎರಡನೆಯ ಬಗೆ. ಮದುವೆಯಲ್ಲಿ ಹಾಕುವ ಬಂಗಾರದ ತೊಲಗಳನ್ನು ನೋಡಿ: ಪಕ್ಕದ ಮನೆಯವರು ಐದು ತೊಲ ಹಾಕಿದ್ದೇ ಆರು ತೊಲದ ಅಗತ್ಯವನ್ನು ಹುಟ್ಟಿಸುತ್ತದೆ, ಅದಕ್ಕಾಗಿ ಎರಡು ಎಕರೆ ಹೊಲ ಬಡ್ಡಿಗೆ ಹೋಗುತ್ತದೆ. ಪಟ್ಟಣದ ಕೋಚಿಂಗ್ ಕೇಂದ್ರದ ಫೀಯೂ ಹಾಗೆಯೇ. ಸೀಟು ಇರುವುದೇ ಇಷ್ಟು. ಎಲ್ಲರೂ ದುಡ್ಡು ಸುರಿದರೂ ಒಂದು ಸೀಟೂ ಹೆಚ್ಚುವುದಿಲ್ಲ. ಹೀಗಿದ್ದೂ ಮಗಳನ್ನು ಕೋಚಿಂಗ್‌ಗೆ ಹಾಕಿದ ರೈತನನ್ನು ನಾನು ಬೈಯಲಾರೆ. ಒಳ್ಳೆಯ ಕೆಲಸಗಳು ಬೆರಳೆಣಿಕೆಯಷ್ಟಿರುವ ನಾಡಿನಲ್ಲಿ ಅವನ ಮುಂದೆ ಬೇರೆ ದಾರಿ ಇಟ್ಟವರು ಯಾರು? ಬಯಕೆಯನ್ನು ಬೆಳೆಸುವುದು ಮನುಷ್ಯನ ಹುಟ್ಟುಗುಣಕ್ಕಿಂತ ಹೆಚ್ಚಾಗಿ ಅವನ ಸುತ್ತ ಕಟ್ಟಿದ ಏಣಿ. ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಹತ್ತುವ ಧಾವಂತ ಹೆಚ್ಚು.

ಕೊರತೆಯನ್ನು ಮನುಷ್ಯರು ಹೆಚ್ಚಿಸಬಲ್ಲರಾದರೆ ತಗ್ಗಿಸಲೂ ಬಲ್ಲರು ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದೇ ತಡ, 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದು ಹೆಸರಾಗಿದೆ. ಆರಂಭದ ಬಂಡವಾಳ 2,000 ರೂಪಾಯಿ. ಆ ರೊಕ್ಕ ಆಕಾಶದಿಂದ ಬೀಳಲಿಲ್ಲ, ಊರಿನ ಜನರ ಕೈಯಲ್ಲೇ ಚೂರುಚೂರಾಗಿ ಇತ್ತು. ಅದನ್ನು ಒಂದು ಪೆಟ್ಟಿಗೆಗೆ ಹಾಕಿ, ಯಾರಿಗೆ ಎಷ್ಟು, ಯಾವಾಗ ಎಂಬ ನಿಯಮ ಮಾಡಿದ್ದೇ ಹೊಸದು. ಸಾವುಕಾರನ ಮನೆಯಲ್ಲಿ ಸಾಲದ ಕೊರತೆ ಎಂದು ಕಾಣುತ್ತಿದ್ದುದು ಬಹುಮಟ್ಟಿಗೆ ನಂಬಿಕೆಯ, ಸಂಘಟನೆಯ ಕೊರತೆಯಾಗಿತ್ತು. ನೂರು ವರ್ಷದ ನಂತರ, 2009ರಲ್ಲಿ, ಎಲಿನಾರ್ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಹುಲ್ಲುಗಾವಲು, ಮೀನು, ಕಾಲುವೆ ನೀರಿನಂಥ ಸಾಮಾನ್ಯ ಸಂಪನ್ಮೂಲಗಳನ್ನು, ಸರ್ಕಾರ ಮತ್ತು ಮಾರುಕಟ್ಟೆ ಎರಡೂ ಇಲ್ಲದೆ ಊರಿನವರೇ ನಿಯಮ ಮಾಡಿಕೊಂಡು ತಲೆಮಾರುಗಟ್ಟಲೆ ಕಾಯ್ದುಕೊಂಡ ಉದಾಹರಣೆಗಳನ್ನು ಅವರು ಜಗತ್ತಿನಾದ್ಯಂತ ಹುಡುಕಿ ಅಭ್ಯಾಸ ಮಾಡಿದರು. ನಿಯಮವನ್ನು ಅದರಡಿ ಬದುಕುವವರೇ ಮಾಡಬೇಕು, ಮುರಿದವರನ್ನು ಹಿಡಿಯುವವರೂ ಅವರೇ ಆಗಿರಬೇಕು ಎಂಬುದು ಅವರು ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು.

ಹಾಗಾಗಿ ನನ್ನ ಬೇಡಿಕೆ ಎರಡು. ಒಂದು, ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರುಗಳಿಗೆ. ಮೊದಲ ಅಧ್ಯಾಯವನ್ನು ಹೇಳಿಕೊಡಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಹುಡುಗ ಹುಡುಗಿಯರನ್ನು ಹಳ್ಳಕ್ಕೆ ಕರೆದೊಯ್ದು ಉಸುಕಿನ ಮೂರು ಬಳಕೆಯನ್ನು ತೋರಿಸಿ. ಯಾವುದು ಮೊದಲು, ಯಾಕೆ, ಹಾಗೆಂದು ತೀರ್ಮಾನಿಸಬೇಕಾದವರು ಯಾರು ಎಂದು ವಾದಿಸಲು ಬಿಡಿ. ಎರಡನೆಯದು ಊರಿನವರಿಗೆ. ಗ್ರಾಮಸಭೆ ಎಂದರೆ ಮನೆ ಯಾರಿಗೆ, ಚರಂಡಿ ಯಾವ ಓಣಿಗೆ ಎಂಬಷ್ಟಕ್ಕೆ ಮುಗಿಯುವ ಸಭೆಯಾಗಿದೆ. ಮುಶಿಗೇರಿಯ ಮುಂದಿನ ಗ್ರಾಮಸಭೆ ಕಾಮಗಾರಿ ಪಟ್ಟಿಗೆ ಮುಂಚೆ ಒಂದು ಲೆಕ್ಕವನ್ನು ಎದುರಿಗಿಟ್ಟುಕೊಳ್ಳಲಿ: ಕೆರೆಯಲ್ಲಿ ಎಷ್ಟು ನೀರಿದೆ, ಹಳ್ಳದಲ್ಲಿ ಎಷ್ಟು ಉಸುಕಿದೆ, ಬಣವಿಗಳಲ್ಲಿ ಎಷ್ಟು ಮೇವಿದೆ, ಬೇಸಿಗೆ ಮುಗಿಯುವವರೆಗೆ ಯಾರಿಗೆ ಏನು ಬೇಕು. ಕುಡಿಯುವ ನೀರಿನ ನಂತರ ದನ, ಆಮೇಲೆ ಸಣ್ಣ ಹಿಡುವಳಿ, ಉಳಿದದ್ದೆಲ್ಲ ಅದರ ನಂತರ ಎಂದು ಠರಾವು ಬರೆದು, ಕೇರಿಯವರ, ತಾಂಡಾದವರ, ಹೆಣ್ಣುಮಕ್ಕಳ ಸಹಿ ಅದರ ಮೇಲೆ ಬೀಳಲಿ. ಹಳ್ಳದ ಉಸುಕು ಊರು ದಾಟುವ ಮುಂಚೆ ಊರಿನ ಎರಿ ಹೊಲಕ್ಕೆ ಮೊದಲ ಹಕ್ಕು ಎಂಬ ಸಾಲು ಆ ಠರಾವಿನಲ್ಲಿ ಇರಬೇಕು.